ಚೆಸ್ ಓಪನಿಂಗ್ ಬಾಯಿಪಾಠ ಮಾಡಿದರೆ ಗೆಲ್ಲಬಹುದೇ? ಹದಿಮೂರರ ಹುಡುಗನೊಬ್ಬನ ಆಟ ಹೇಳುವುದೇನು?

ಮಕ್ಕಳ ಚೆಸ್ ಟೂರ್ನಮೆಂಟ್ ನಡೆಯುವ ಹಾಲ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಒಂದು ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಂಬತ್ತು ವರ್ಷದ ಮಗು ಮೊದಲ ಎಂಟು ನಡೆಗಳನ್ನು ಒಂದೇ ನಿಮಿಷದಲ್ಲಿ ಪಟಪಟನೆ ಆಡಿ ಮುಗಿಸುತ್ತದೆ. ಎದುರಿಗೆ ಕೂತ ಮಗು ಒಂಬತ್ತನೆಯ ನಡೆಯಲ್ಲಿ ಏನೋ ಒಂದು ಸಾಧಾರಣ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಅಲ್ಲಿಗೆ ನಮ್ಮ ಮಗುವಿನ ಕೈ ನಿಲ್ಲುತ್ತದೆ, ಕಣ್ಣು ಸೀಲಿಂಗ್ ಕಡೆ ತಿರುಗುತ್ತದೆ. ಇನ್ನು ಆರು ನಡೆಗಳಲ್ಲಿ ಒಂದು ಕುದುರೆ ಹೋಗಿರುತ್ತದೆ. ಹೊರಗೆ ಕಾಯುತ್ತಿರುವ ಅಪ್ಪ ಅಮ್ಮನ ಹತ್ತಿರ ಬಂದು ಮಗು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಅವನು ಪುಸ್ತಕದಲ್ಲಿ ಇಲ್ಲದ್ದನ್ನು ಆಡಿದ."

ದೊಡ್ಡ ಆಟಗಾರರೆಲ್ಲ ಸಾವಿರಾರು ಓಪನಿಂಗ್‌ಗಳನ್ನು ಬಾಯಿಪಾಠ ಮಾಡಿಕೊಂಡೇ ದೊಡ್ಡವರಾದರು, ಹಾಗಾಗಿ ನಮ್ಮ ಮಗುವೂ ಹಾಗೇ ಮಾಡಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆಟದ ಮೊದಲ ಹತ್ತು ಹನ್ನೆರಡು ನಡೆಗಳಿಗೆ ಓಪನಿಂಗ್ ಎನ್ನುತ್ತಾರೆ. ಅವುಗಳನ್ನು ಕಲಿಸುವ ವಿಡಿಯೋ, ಕೋರ್ಸ್, ಆ್ಯಪ್‌ಗಳಿಗೆ ಲೆಕ್ಕವಿಲ್ಲ. ಸಂಜೆ ಒಂದು ಗಂಟೆ ಹೋಮ್‌ವರ್ಕ್, ಇನ್ನೊಂದು ಗಂಟೆ ಓಪನಿಂಗ್ ಉರುಹೊಡೆಯುವುದು ಎಂದಾದರೆ ಆ ಮಗುವಿಗೆ ಚೆಸ್ ಆಡುವುದು ಯಾವಾಗ ಎನ್ನುವ ಪ್ರಶ್ನೆ ಏಳುತ್ತದೆ. ಅದಕ್ಕಾಗಿಯೇ ಈ ನಂಬಿಕೆಯಲ್ಲಿ ಎಷ್ಟು ಹುರುಳಿದೆ ಎಂದು ನೋಡೋಣ. ನೋಡಲು ನಾವು ಆರಿಸಿಕೊಂಡಿರುವುದು ಒಂದೇ ಒಂದು ಆಟವನ್ನು. ಆಡಿದವನಿಗೆ ಆಗ 13 ವರ್ಷ.

ಮೊದಲು ಸ್ವಲ್ಪ ಲೆಕ್ಕ

ಆಟ ಶುರುವಾದಾಗ ಬಿಳಿ ಕಾಯಿಗಳವರಿಗೆ 20 ನಡೆಗಳು ಸಾಧ್ಯ: ಎಂಟು ಕಾಲಾಳುಗಳಿಗೆ ತಲಾ ಎರಡು, ಎರಡು ಕುದುರೆಗಳಿಗೆ ತಲಾ ಎರಡು. ಅದಕ್ಕೆ ಕಪ್ಪಿನವರ ಉತ್ತರವೂ 20 ಬಗೆಯದು. ಅಂದರೆ ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ ಆಟ 400 ದಾರಿಗಳಲ್ಲಿ ಕವಲೊಡೆದಿರುತ್ತದೆ. ಇಬ್ಬರೂ ಎರಡೆರಡು ನಡೆ ಆಡಿದರೆ 1,97,281 ದಾರಿಗಳು. ಮೂರು ಮೂರು ಆಡಿದರೆ 11,90,60,324. ಇವುಗಳಲ್ಲಿ ಬಹುಪಾಲು ಹುಚ್ಚು ನಡೆಗಳು ನಿಜ, ಆದರೆ ಎಂಟು ಒಂಬತ್ತು ವರ್ಷದ ಮಕ್ಕಳು ಆಡುವುದೂ ಅಂತಹ ನಡೆಗಳನ್ನೇ! ಗ್ರ್ಯಾಂಡ್‌ಮಾಸ್ಟರ್‌ಗಳು ಬರೆದ ಓಪನಿಂಗ್ ಪುಸ್ತಕದಲ್ಲಿ ಇರುವುದು ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವ ನಡೆಗಳು. ಎದುರಾಳಿ ಆ ಪುಸ್ತಕ ಓದಿಲ್ಲದಿದ್ದರೆ ಬಾಯಿಪಾಠ ನಾಲ್ಕನೆಯ ನಡೆಗೇ ಮುಗಿದುಹೋಗುತ್ತದೆ.

1956, ನ್ಯೂಯಾರ್ಕ್

1956ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಜೂನಿಯರ್ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದವನು ಬ್ರೂಕ್ಲಿನ್ನಿನ ಬಾಬಿ ಫಿಷರ್. 10 ಆಟಗಳಲ್ಲಿ 8½ ಅಂಕ. ಆ ಪಟ್ಟವನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಲ್ಲಿಯವರೆಗೆ ಯಾರೂ ಗೆದ್ದಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮಾರ್ಷಲ್ ಚೆಸ್ ಕ್ಲಬ್‌ನಲ್ಲಿ ದೊಡ್ಡವರ ಟೂರ್ನಮೆಂಟ್ ಒಂದಕ್ಕೆ ಅವನಿಗೆ ಕರೆ ಬಂತು. ಅದು ರೋಸೆನ್‌ವಾಲ್ಡ್ ಟ್ರೋಫಿ, ದೇಶದ ಹನ್ನೆರಡು ಪ್ರಮುಖ ಆಟಗಾರರಿಗೆ ಮಾತ್ರ. ಜೂನಿಯರ್‌ಗಳ ನಡುವೆ ಗೆದ್ದುಬಂದ ಹುಡುಗ ಇಲ್ಲಿ ಎಡವುತ್ತಾನೆ ಎಂದೇ ಯಾರಾದರೂ ಎಣಿಸಬಹುದಿತ್ತು. ಒಟ್ಟಾರೆ ನೋಡಿದರೆ ಆದದ್ದೂ ಹಾಗೆಯೇ, ಅದನ್ನು ಕೊನೆಗೆ ಹೇಳುತ್ತೇವೆ.

ಅಕ್ಟೋಬರ್ 17ರಂದು ಅವನ ಎದುರು ಕೂತವರು 26 ವರ್ಷದ ಡೊನಾಲ್ಡ್ ಬರ್ನ್. 1953ರಲ್ಲಿ ಯು.ಎಸ್. ಓಪನ್ ಗೆದ್ದಿದ್ದವರು. ಬರ್ನ್ ಬಿಳಿ, ಫಿಷರ್ ಕಪ್ಪು.

ಮುಂದೆ ಓದುವ ಮೊದಲು ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಹರವಿಕೊಳ್ಳಿ. ಬಿಳಿಯ ಎಡಗೈ ಕಡೆಯಿಂದ ನಿಲುವು ಸಾಲುಗಳು ಎ, ಬಿ, ಸಿ, ಡಿ ಎಂದು ಹೆಚ್ ವರೆಗೆ. ಬಿಳಿಯ ಕಡೆಯಿಂದ ಅಡ್ಡ ಸಾಲುಗಳು 1ರಿಂದ 8. ಕಾಯಿಗಳಿಗೆ ನಮ್ಮಲ್ಲಿ ರೂಢಿಯಲ್ಲಿರುವ ಹೆಸರುಗಳನ್ನೇ ಬಳಸುತ್ತೇವೆ: ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಆಮೇಲೆ ಓರೆಯಾಗಿ ಓಡುವ ಒಂಟೆ, ನಡುವೆ ರಾಜ ಮತ್ತು ರಾಣಿ (ಕೆಲವರು ಮಂತ್ರಿ ಎನ್ನುತ್ತಾರೆ), ಮುಂದೆ ಕಾಲಾಳುಗಳು.

ಕೊಟ್ಟು ಹೊಡೆಯುವ ಓಪನಿಂಗ್

ಬರ್ನ್ ಮೊದಲ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ತಂದರು. ಫಿಷರ್ ತನ್ನ ಕುದುರೆಯನ್ನು ಎಫ್6ಕ್ಕೆ ತಂದ. ಆಮೇಲೆ ಬಿಳಿ ಕಾಲಾಳು ಸಿ4ಕ್ಕೆ, ಕಪ್ಪು ಕಾಲಾಳು ಜಿ6ಕ್ಕೆ. ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ, ಕಪ್ಪು ಒಂಟೆ ಜಿ7ಕ್ಕೆ. ಬಿಳಿ ಕಾಲಾಳು ಡಿ4ಕ್ಕೆ, ಕಪ್ಪು ಕ್ಯಾಸ್ಲಿಂಗ್. ಬಿಳಿ ಒಂಟೆ ಎಫ್4ಕ್ಕೆ. ಐದನೆಯ ನಡೆಯಾಗಿ ಫಿಷರ್ ತನ್ನ ಕಾಲಾಳನ್ನು ಡಿ5ಕ್ಕೆ ತಳ್ಳಿದ. ಇಲ್ಲಿಗೆ ಈ ಆಟಕ್ಕೆ ಒಂದು ಹೆಸರು ಬಂತು: ಗ್ರುನ್‌ಫೆಲ್ಡ್ ಡಿಫೆನ್ಸ್.

ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಇದನ್ನು ಆಡಿ, ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಅಲೆಖಿನ್‌ರನ್ನು ಸೋಲಿಸಿದ್ದರು. ಅಲ್ಲಿಯವರೆಗೆ ಚೆಸ್ ಪಾಠವೆಂದರೆ ಬೋರ್ಡಿನ ನಡುವಿನ ನಾಲ್ಕು ಮನೆಗಳನ್ನು ನಿಮ್ಮ ಕಾಲಾಳುಗಳಿಂದ ಹಿಡಿಯಿರಿ ಎಂಬುದು. ಗ್ರುನ್‌ಫೆಲ್ಡ್, ನಿಮ್ಜೊವಿಚ್, ರೆಟಿ ಮುಂತಾದ ಆ ಕಾಲದ ಹೊಸ ತಲೆಮಾರಿನವರು ಅದನ್ನು ತಿರುಗಿಸಿ ನೋಡಿದರು. ನಡುವಿನ ಮನೆಗಳನ್ನು ಎದುರಾಳಿಯೇ ಹಿಡಿಯಲಿ. ಹಿಡಿದದ್ದನ್ನು ಅವನು ಕಾಯಬೇಕಲ್ಲ! ನಾವು ದೂರದಿಂದ ಒಂಟೆ, ಕುದುರೆಗಳನ್ನು ಗುರಿಯಿಟ್ಟು ಆ ಕಾಲಾಳುಗಳ ಮೇಲೆ ಒತ್ತಡ ಹೇರೋಣ ಎಂದರು. ರಸ್ತೆ ಮಧ್ಯೆ ದೊಡ್ಡ ಪೆಂಡಾಲ್ ಹಾಕಿದವನು ನಾಲ್ಕೂ ಕಂಬಗಳ ಹತ್ತಿರ ಆಳು ನಿಲ್ಲಿಸಬೇಕಾಗುತ್ತದೆ. ಒಂದು ಕಂಬ ಅಲ್ಲಾಡಿದರೂ ಎಲ್ಲರೂ ಅತ್ತ ಓಡಬೇಕು. ಜಿ7ರಲ್ಲಿ ಕೂತ ಕಪ್ಪು ಒಂಟೆ ಓರೆಯಾಗಿ ಡಿ4ರ ಕಂಬವನ್ನೇ ದಿಟ್ಟಿಸುತ್ತಿರುತ್ತದೆ. ಗ್ರುನ್‌ಫೆಲ್ಡ್ ಡಿಫೆನ್ಸಿನ ಜೀವಾಳ ಇಷ್ಟೇ. ಇದನ್ನು ಅರಿತ ಮಗು ಎದುರಾಳಿ ಯಾವ ನಡೆ ಆಡಿದರೂ ಮುಂದೆ ಏನು ಮಾಡಬೇಕೆಂದು ಸುಮಾರಾಗಿ ಊಹಿಸಬಲ್ಲದು. ಹತ್ತು ನಡೆಗಳ ಪಟ್ಟಿಯನ್ನಷ್ಟೇ ಉರುಹೊಡೆದ ಮಗುವಿಗೆ ಒಂಟೆ ಜಿ7ರಲ್ಲಿ ಏಕೆ ಕೂತಿದೆ ಎಂಬುದೇ ತಿಳಿದಿರುವುದಿಲ್ಲ.

ಗ್ರುನ್‌ಫೆಲ್ಡ್‌ಗಿಂತ ಮೊದಲೇ, ಕಲ್ಕತ್ತೆಯಲ್ಲಿ

ಈ ಓಪನಿಂಗಿಗೆ ವಿಯೆನ್ನಾದವರ ಹೆಸರಿದ್ದರೂ, ಈಗ ದಾಖಲೆಯಲ್ಲಿ ಸಿಗುವ ಇದರ ಮೊದಲ ಆಟ ನಡೆದದ್ದು 1855ರ ಕಲ್ಕತ್ತೆಯಲ್ಲಿ. ಬಿಳಿ ಕಾಯಿ ಜಾನ್ ಕಾಕ್ರೇನ್ ಅವರದು, ಅಲ್ಲಿ ವಕೀಲಿ ಮಾಡುತ್ತಿದ್ದ ಸ್ಕಾಟ್ಲೆಂಡಿನವರು. ಕಪ್ಪು ಕಾಯಿ ಮಹೇಶಚಂದ್ರ ಬ್ಯಾನರ್ಜಿ ಅವರದು, ಬಂಗಾಳದ ಹಳ್ಳಿಗಾಡಿನಿಂದ ಬಂದು ನೂರಾರು ಆಟಗಳಲ್ಲಿ ಕಾಕ್ರೇನ್‌ಗೆ ಎದುರು ಕೂತವರು. ಕಾಲಾಳನ್ನು ಒಂದೇ ಮನೆ ಮುಂದಿಟ್ಟು, ಒಂಟೆಯನ್ನು ಪಕ್ಕದ ಮನೆಯಲ್ಲಿ ಕೂರಿಸಿ, ದೂರದಿಂದ ಗುರಿಯಿಡುವುದು ಅವರ ಆಟದ ರೀತಿ. ನಮ್ಮ ಹಳೆಯ ಮನೆಯಾಟದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿದ್ದುದರಿಂದ ಈ ರೀತಿ ಸಹಜವಾಗಿ ಬಂದಿರಬೇಕು ಎಂದು ವಿವರಿಸುವವರಿದ್ದಾರೆ. ಕುದುರೆಯನ್ನು ಎಫ್6ಕ್ಕೆ ತಂದು ಶುರುಮಾಡುವ ಇಂತಹ ಓಪನಿಂಗ್‌ಗಳಿಗೆಲ್ಲ ಒಟ್ಟಾಗಿ ಇಂದಿಗೂ "ಇಂಡಿಯನ್ ಡಿಫೆನ್ಸ್" ಎಂದೇ ಹೆಸರು. ಮಹೇಶಚಂದ್ರರು ಓದಲು ಗ್ರುನ್‌ಫೆಲ್ಡ್ ಪುಸ್ತಕವಂತೂ ಇರಲಿಲ್ಲ. ಗ್ರುನ್‌ಫೆಲ್ಡ್ ಇನ್ನೂ ಹುಟ್ಟಿಯೇ ಇರಲಿಲ್ಲ.

ಆ 1855ರ ಆಟದಲ್ಲಿ ಗೆದ್ದವರು ಮಾತ್ರ ಕಾಕ್ರೇನ್. ಗೆದ್ದ ಬಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಪ್ಪು ರಾಜ ಮೂಲೆಯಲ್ಲಿ. ಬಿಳಿ ರಾಣಿ ನೇರವಾಗಿ ರಾಜನ ಪಕ್ಕಕ್ಕೇ ಹೋಗಿ ಪ್ರಾಣ ಕೊಡುತ್ತಾಳೆ. ಅವಳನ್ನು ಹೊಡೆಯಲು ಕಪ್ಪು ಆನೆ ಆ ಮನೆಗೆ ಬರಲೇಬೇಕು. ಈಗ ರಾಜನ ಸುತ್ತ ಅವನದೇ ಕಾಯಿಗಳು, ಕದಲಲು ಒಂದು ಮನೆಯೂ ಇಲ್ಲ. ಆಗ ಬಿಳಿ ಕುದುರೆ ಹಾರಿ ಬಂದು ಚೆಕ್ ಕೊಟ್ಟರೆ ಆಟ ಮುಗಿಯಿತು. ಉಸಿರುಗಟ್ಟಿಸುವ ಈ ಮೇಟ್ 1497ರಲ್ಲಿ ಸ್ಪೇನಿನಲ್ಲಿ ಅಚ್ಚಾದ ಲುಸೇನಾ ಅವರ ಪುಸ್ತಕದಲ್ಲೇ ಇದೆ.

ಹನ್ನೊಂದನೆಯ ನಡೆ

ನ್ಯೂಯಾರ್ಕಿಗೆ ಮರಳೋಣ. ಮುಂದಿನ ಐದು ನಡೆಗಳಲ್ಲಿ ಫಿಷರ್ ಸಿ4ರ ಕಾಲಾಳನ್ನು ಹೊಡೆದ, ಬರ್ನ್ ತಮ್ಮ ರಾಣಿಯಿಂದ ಅದನ್ನು ಮರಳಿ ಪಡೆದು, ಇ4ಕ್ಕೂ ಕಾಲಾಳನ್ನು ತಂದರು. ಪೆಂಡಾಲ್ ಭರ್ಜರಿಯಾಗಿ ಎದ್ದಿತು. ಆದರೆ ಹತ್ತು ನಡೆಗಳಾಗುವಷ್ಟರಲ್ಲಿ ಬಿಳಿ ರಾಣಿ ಮೂರು ಸಲ ಕದಲಿದ್ದಳು: ಬಿ3, ಸಿ4, ಸಿ5. ಬಿಳಿ ರಾಜ ಇನ್ನೂ ಹುಟ್ಟಿದ ಮನೆಯಾದ ಇ1ರಲ್ಲೇ ಕೂತಿದ್ದ. ಅವನ ಪಕ್ಕದ ಒಂಟೆಯೂ ಮನೆ ಬಿಟ್ಟಿರಲಿಲ್ಲ. ಕಪ್ಪಿನ ಎರಡು ಕುದುರೆ, ಎರಡು ಒಂಟೆ ಎಲ್ಲವೂ ಹೊರಗೆ ಬಂದಿದ್ದವು, ರಾಜ ಕ್ಯಾಸ್ಲಿಂಗ್ ಆಗಿ ಬೆಚ್ಚಗಿದ್ದ.

ಈ ಹಂತದಲ್ಲಿ ಬರ್ನ್ ಒಳಗೆ ಕೂತ ಒಂಟೆಯನ್ನು ಇ2ಕ್ಕೆ ತಂದು ಕ್ಯಾಸ್ಲಿಂಗ್‌ಗೆ ಸಿದ್ಧವಾಗಬೇಕಿತ್ತು. ಬದಲಿಗೆ ಅವರು ಈಗಾಗಲೇ ಹೊರಗಿದ್ದ ಇನ್ನೊಂದು ಒಂಟೆಯನ್ನು ಎಫ್4ರಿಂದ ಜಿ5ಕ್ಕೆ ಸರಿಸಿದರು. ಅಂತಹ ದೊಡ್ಡ ತಪ್ಪೇನಲ್ಲ ಎನಿಸುವ ನಡೆ.

ಫಿಷರ್ ತನ್ನ ಕುದುರೆಯನ್ನು ಬಿ6ರಿಂದ ಎ4ಕ್ಕೆ ಹಾರಿಸಿದ. ಬೋರ್ಡಿನ ಅಂಚಿಗೆ! ನಡುವಿನಲ್ಲಿರುವ ಕುದುರೆಗೆ ಎಂಟು ಮನೆಗಳ ಮೇಲೆ ಹಿಡಿತವಿದ್ದರೆ ಎ4ರಂತಹ ಅಂಚಿನ ಮನೆಯಲ್ಲಿ ನಾಲ್ಕೇ. ಅಂಚಿಗೆ ಕುದುರೆ ಒಯ್ಯಬೇಡ ಎಂಬುದು ಕೋಚ್‌ಗಳು ಮೊದಲ ವಾರವೇ ಹೇಳಿಕೊಡುವ ಪಾಠ. ಅದೂ ಸಾಲದೆಂದು, ಸಿ3ರಲ್ಲಿರುವ ಬಿಳಿ ಕುದುರೆ ಅದನ್ನು ಪುಕ್ಕಟೆ ಹೊಡೆಯಬಹುದು.

ಹೊಡೆದರೆ ಏನಾಗುತ್ತದೆ? ಇ4ರ ಕಾಲಾಳನ್ನು ಕಾಯುತ್ತಿದ್ದುದು ಅದೇ ಸಿ3ರ ಕುದುರೆ. ಅದು ಎ4ಕ್ಕೆ ಹೋದ ಕೂಡಲೇ ಕಪ್ಪಿನ ಎರಡನೆಯ ಕುದುರೆ ಇ4ರ ಕಾಲಾಳನ್ನು ನುಂಗುತ್ತದೆ, ಅಲ್ಲಿಂದ ಸಿ5ರ ರಾಣಿಗೂ ಜಿ5ರ ಒಂಟೆಗೂ ಏಕಕಾಲಕ್ಕೆ ಗುರಿಯಿಡುತ್ತದೆ. ನಡುವಿನ ಕಂಬ ಬಿತ್ತು, ಇ ಸಾಲು ತೆರೆಯುವ ದಾರಿ ಸಿಕ್ಕಿತು. ಆ ಸಾಲಿನ ತುದಿಯಲ್ಲಿ ಕ್ಯಾಸ್ಲಿಂಗ್ ಆಗದ ಬಿಳಿ ರಾಜ ಕೂತಿದ್ದಾನೆ. ಬರ್ನ್ ಇದನ್ನು ಕಂಡು, ಕುದುರೆಯನ್ನು ಹೊಡೆಯದೆ ರಾಣಿಯನ್ನು ಎ3ಕ್ಕೆ ಸರಿಸಿದರು. ರಾಣಿಯ ನಾಲ್ಕನೆಯ ಓಟ.

ಎ4ರ ನಡೆ ಯಾವ ಓಪನಿಂಗ್ ಪುಸ್ತಕದಿಂದಲೂ ಬಂದದ್ದಲ್ಲ. ಆದರೆ ಓಪನಿಂಗಿನ ಉದ್ದೇಶದಿಂದಲೇ ಬಂದದ್ದು. ನಡುವಿನ ಕಾಲಾಳುಗಳ ಕಾವಲು ಎಲ್ಲಿ ತೆಳುವಾಗಿದೆ ಎಂದು ಹುಡುಕುವುದೇ ಗ್ರುನ್‌ಫೆಲ್ಡ್ ಆಡುವವರ ಕೆಲಸ. ಇ4ನ್ನು ಕಾಯುವುದು ಒಂದೇ ಕುದುರೆ, ಆ ಕುದುರೆಯನ್ನು ಕದಲಿಸಬೇಕು, ಕದಲಿಸಲು ಆಮಿಷ ಬೇಕು. ಹೀಗೆ ಹಿಂದಿನಿಂದ ಮುಂದಕ್ಕೆ ಯೋಚಿಸಿದರೆ ಅಂಚಿನ ಎ4 ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ರಾಣಿಯನ್ನೇ ಬಿಟ್ಟುಕೊಟ್ಟಾಗ

ಮುಂದಿನ ಕೆಲವು ನಡೆಗಳನ್ನು ಬೇಗ ದಾಟೋಣ. ಫಿಷರ್ ಸಿ3ರ ಕುದುರೆಯನ್ನು ಹೊಡೆದ, ಬಿಳಿ ಕಾಲಾಳು ಅದನ್ನು ಹೊಡೆಯಿತು, ಕಪ್ಪಿನ ಇನ್ನೊಂದು ಕುದುರೆ ಇ4ರ ಕಾಲಾಳನ್ನು ಹೊಡೆಯಿತು. ಬಿಳಿ ಒಂಟೆ ಇ7ರ ಕಾಲಾಳನ್ನು ಹೊಡೆದು ಕಪ್ಪು ರಾಣಿ ಮತ್ತು ಆನೆ ಎರಡಕ್ಕೂ ಗುರಿಯಿಟ್ಟಿತು. ಫಿಷರ್ ರಾಣಿಯನ್ನು ಬಿ6ಕ್ಕೆ ಸರಿಸಿದ, ಆನೆ ಹೋದರೆ ಹೋಗಲಿ ಎಂದು. ಬರ್ನ್ ಆ ಆನೆಯನ್ನು ಹೊಡೆಯದೆ, ಉಳಿದ ಒಂಟೆಯನ್ನು ಕೊನೆಗೂ ಸಿ4ಕ್ಕೆ ತಂದರು. ಹದಿನೈದನೆಯ ನಡೆಯಲ್ಲಿ! ಆದರೂ ಕ್ಯಾಸ್ಲಿಂಗ್ ಮಾಡಲು ಅವರಿಗೆ ಬಿಡುವು ಸಿಗಲಿಲ್ಲ. ಕಪ್ಪು ಕುದುರೆ ಸಿ3ರ ಕಾಲಾಳನ್ನೂ ನುಂಗಿತು, ಬಿಳಿ ಒಂಟೆ ಇ7ರಿಂದ ಸಿ5ಕ್ಕೆ ಬಂದು ಕಪ್ಪು ರಾಣಿಯ ಮೇಲೆ ಎರಗಿತು, ಇ ಸಾಲು ಪೂರ್ತಿ ತೆರೆದುಕೊಂಡಿತು, ಕಪ್ಪು ಆನೆ ಇ8ಕ್ಕೆ ಬಂದು ಚೆಕ್ ಹೇಳಿತು, ಬಿಳಿ ರಾಜ ಎಫ್1ಕ್ಕೆ ಸರಿದ. ಇನ್ನು ಕ್ಯಾಸ್ಲಿಂಗ್ ಎಂದಿಗೂ ಇಲ್ಲ.

ಈಗ ಕಪ್ಪು ರಾಣಿಗೆ ಅಪಾಯವಿದೆ. ಯಾರೇ ಆಗಲಿ ಮೊದಲು ರಾಣಿಯನ್ನು ಉಳಿಸಿಕೊಳ್ಳುತ್ತಾರೆ. ಫಿಷರ್ ಹದಿನೇಳನೆಯ ನಡೆಯಾಗಿ ಜಿ4ರ ಒಂಟೆಯನ್ನು ಇ6ಕ್ಕೆ ತಂದ. ರಾಣಿ ಇದ್ದಲ್ಲೇ ಇದ್ದಾಳೆ, ಬೇಕಾದರೆ ತೆಗೆದುಕೊಳ್ಳಿ.

ಬರ್ನ್ ರಾಣಿಯನ್ನು ತೆಗೆದುಕೊಂಡರು. ಕಪ್ಪು ಒಂಟೆ ಸಿ4ರ ಬಿಳಿ ಒಂಟೆಯನ್ನು ಹೊಡೆದು ಚೆಕ್ ಹೇಳಿತು. ರಾಜ ಜಿ1ಕ್ಕೆ. ಕಪ್ಪು ಕುದುರೆ ಇ2ಕ್ಕೆ ಬಂದು ಚೆಕ್. ರಾಜ ಮರಳಿ ಎಫ್1ಕ್ಕೆ. ಕುದುರೆ ಅಲ್ಲಿಂದ ಡಿ4ಕ್ಕೆ ಹಾರಿ ಒಂದು ಕಾಲಾಳನ್ನು ನುಂಗುತ್ತದೆ, ಅದು ಸರಿದ ಕೂಡಲೇ ಹಿಂದಿದ್ದ ಒಂಟೆಯಿಂದ ಮತ್ತೆ ಚೆಕ್. ರಾಜ ಅತ್ತ, ಇತ್ತ. ಚೆಸ್ ಆಡುವವರು ಇದನ್ನು ವಿಂಡ್‌ಮಿಲ್ ಎನ್ನುತ್ತಾರೆ, ಗಾಳಿಗಿರಣಿ. ಒಂದೊಂದು ಸುತ್ತಿಗೂ ಒಂದೊಂದು ಹಿಡಿ ಹಿಟ್ಟು. 1925ರ ಮಾಸ್ಕೋದಲ್ಲಿ ಮೆಕ್ಸಿಕೋದ ಕಾರ್ಲೋಸ್ ತೋರೆ ಇಂತಹದೇ ಗಿರಣಿ ತಿರುಗಿಸಿ ಮಾಜಿ ವಿಶ್ವ ಚಾಂಪಿಯನ್ ಲಾಸ್ಕರ್‌ರನ್ನು ಸೋಲಿಸಿದ್ದರು. ಗಿರಣಿ ನಿಂತು ಲೆಕ್ಕ ಚುಕ್ತಾ ಆದಾಗ ರಾಣಿಯ ಬದಲಿಗೆ ಫಿಷರ್‌ಗೆ ಒಂದು ಆನೆ, ಎರಡು ಒಂಟೆ, ಒಂದು ಕಾಲಾಳು ಸಿಕ್ಕಿದ್ದವು. ಅದು ರಾಣಿಗಿಂತ ಹೆಚ್ಚು. ಬಿಳಿಯ ಒಂದು ಆನೆಯಂತೂ ಹೆಚ್1ರ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು. ಅದು ಮೊದಲ ಸಲ ಕದಲಿದ್ದು 28ನೆಯ ನಡೆಯಲ್ಲಿ, ಕದಲಿದ ಮರುಕ್ಷಣವೇ ಹೋಯಿತು.

ಬರ್ನ್ ರಾಣಿಯನ್ನು ಬಿಟ್ಟು, ಇ6ಕ್ಕೆ ಬಂದ ಒಂಟೆಯನ್ನು ಹೊಡೆದಿದ್ದರೆ? ಆಗ ಕಪ್ಪು ರಾಣಿ ಬಿ5ಕ್ಕೆ ಹೋಗಿ ಚೆಕ್. ರಾಜ ಜಿ1ಕ್ಕೆ. ಕುದುರೆ ಇ2ರಲ್ಲಿ ಚೆಕ್, ರಾಜ ಎಫ್1ಕ್ಕೆ. ಕುದುರೆ ಜಿ3ಕ್ಕೆ ಹಾರಿದರೆ ರಾಣಿ, ಕುದುರೆ ಎರಡರಿಂದಲೂ ಚೆಕ್, ರಾಜ ಮತ್ತೆ ಜಿ1ಕ್ಕೆ. ಆಗ ಕಪ್ಪು ರಾಣಿ ಎಫ್1ಕ್ಕೆ ಹೋಗಿ ಪ್ರಾಣ ಕೊಡುತ್ತಾಳೆ. ಬಿಳಿ ಆನೆ ಅವಳನ್ನು ಹೊಡೆಯಲೇಬೇಕು. ಈಗ ರಾಜನ ಸುತ್ತ ಅವನದೇ ಕಾಯಿಗಳು. ಕುದುರೆ ಇ2ಕ್ಕೆ ಬಂದರೆ ಮೇಟ್.

ಕಲ್ಕತ್ತೆಯ ಆಟ ನೆನಪಾಯಿತೇ? ಅದೇ ಚಿತ್ರ. ಲುಸೇನಾ ಪುಸ್ತಕದ ಚಿತ್ರ. ಐನೂರಕ್ಕೂ ಹೆಚ್ಚು ವರ್ಷಗಳಿಂದ ಚೆಸ್ ಕಲಿಯುವ ಮಕ್ಕಳು ನೋಡುತ್ತಾ ಬಂದಿರುವ ಚಿತ್ರ.

ತಲೆಯಲ್ಲಿ ಉಳಿಯುವುದು ಏನು?

ಹಾಗಾದರೆ ಆ ಹುಡುಗ ಇಪ್ಪತ್ತು ನಡೆ ಮುಂದಿನದನ್ನು ಎಣಿಸಿದ್ದನೇ? ಇದು ಇನ್ನೊಂದು ಜನಪ್ರಿಯ ನಂಬಿಕೆ. ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞ, ಸ್ವತಃ ಒಳ್ಳೆಯ ಚೆಸ್ ಆಟಗಾರರಾಗಿದ್ದ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು. ಗ್ರ್ಯಾಂಡ್‌ಮಾಸ್ಟರ್‌ಗಳನ್ನೂ ಸಾಧಾರಣ ಕ್ಲಬ್ ಆಟಗಾರರನ್ನೂ ಬೋರ್ಡಿನ ಮುಂದೆ ಕೂರಿಸಿ, ಯೋಚಿಸುವುದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದರು. ಗ್ರ್ಯಾಂಡ್‌ಮಾಸ್ಟರ್‌ಗಳು ಬಹಳ ಆಳಕ್ಕೆ ಎಣಿಸುತ್ತಾರೆ ಎಂಬ ನಿರೀಕ್ಷೆ ನಿಜವಾಗಲಿಲ್ಲ. ಎಷ್ಟು ನಡೆ ಮುಂದೆ ನೋಡುತ್ತಾರೆ ಎಂಬುದರಲ್ಲಿ ಇಬ್ಬರಿಗೂ ದೊಡ್ಡ ಅಂತರ ಕಾಣಲಿಲ್ಲ. ಅಂತರ ಇದ್ದದ್ದು ಯಾವ ನಡೆಯ ಬಗ್ಗೆ ಯೋಚಿಸಲು ತೊಡಗುತ್ತಾರೆ ಎಂಬುದರಲ್ಲಿ. ಒಳ್ಳೆಯ ಆಟಗಾರರ ಕಣ್ಣು ಮೊದಲೇ ಒಳ್ಳೆಯ ನಡೆಗಳ ಮೇಲೆ ಬೀಳುತ್ತಿತ್ತು.

ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1973ರಲ್ಲಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ (ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಒಂದು ಸರಳ ಪ್ರಯೋಗ ಮಾಡಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿ ಐದು ಸೆಕೆಂಡು ತೋರಿಸುವುದು, ಆಮೇಲೆ ಮುಚ್ಚಿ, ನೆನಪಿನಿಂದ ಜೋಡಿಸಿ ಎನ್ನುವುದು. ಸುಮಾರು 25 ಕಾಯಿಗಳಲ್ಲಿ ಮಾಸ್ಟರ್ ಮೊದಲ ನೋಟಕ್ಕೇ 16ರಷ್ಟನ್ನು ಸರಿಯಾಗಿ ಇಟ್ಟರು, ಕ್ಲಬ್ ಮಟ್ಟದ ಆಟಗಾರ 8, ಹೊಸಬ 4. ಆಮೇಲೆ ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರು. ಮಾಸ್ಟರ್‌ನ ಮೇಲುಗೈ ಮಾಯ! ಮೂವರೂ ಬೆರಳೆಣಿಕೆಯ ಕಾಯಿಗಳನ್ನಷ್ಟೇ ನೆನಪಿಟ್ಟುಕೊಂಡಿದ್ದರು. ನಂತರದ ಅಧ್ಯಯನಗಳಲ್ಲಿ ಚೆಲ್ಲಾಪಿಲ್ಲಿ ಬೋರ್ಡಿನಲ್ಲೂ ನುರಿತವರಿಗೆ ಸ್ವಲ್ಪ ಅನುಕೂಲ ಇರುವುದು ಕಂಡಿದೆ, ಆದರೆ ಸ್ವಲ್ಪವೇ.

ಅಂದರೆ ಮಾಸ್ಟರ್‌ನ ನೆನಪಿನ ಶಕ್ತಿ ನಮ್ಮ ನಿಮ್ಮದರಂತೆಯೇ. ವ್ಯತ್ಯಾಸ ಇಷ್ಟೇ, ಅವರು ಒಂದೊಂದೇ ಕಾಯಿಯನ್ನು ನೋಡುವುದಿಲ್ಲ, ಗುಂಪಾಗಿ ನೋಡುತ್ತಾರೆ. ಕ್ಯಾಸ್ಲಿಂಗ್ ಆದ ರಾಜ, ಮುಂದೆ ಮೂರು ಕಾಲಾಳು, ಪಕ್ಕದಲ್ಲಿ ಒಂಟೆ ಇವೆಲ್ಲ ಸೇರಿ ಅವರಿಗೆ ಒಂದೇ ಚಿತ್ರ. ಓದು ಬಂದವರು ಪದವನ್ನು ಒಂದೇ ನೋಟಕ್ಕೆ ಓದುವಂತೆ, ಓದು ಬಾರದವರಿಗೆ ಅದೇ ಪದ ಬರೀ ಗೆರೆಗಳಾಗಿ ಕಾಣುವಂತೆ. ಫಿಷರ್ ಹದಿನೇಳನೆಯ ನಡೆ ಆಡುವಾಗ ಮೂಲೆಯಲ್ಲಿ ಉಸಿರುಗಟ್ಟುವ ರಾಜನ ಚಿತ್ರವನ್ನು ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಗಾಳಿಗಿರಣಿಯೂ ಗೊತ್ತಿರುವ ಚಿತ್ರವೇ. ಅವನು ಮಾಡಬೇಕಿದ್ದುದು ಆ ಎರಡೂ ಚಿತ್ರಗಳು ಈ ಬೋರ್ಡಿನಲ್ಲಿ ಅಡಗಿವೆ ಎಂದು ಗುರುತಿಸಿ, ನಡೆಗಳ ಲೆಕ್ಕ ಸರಿಯಾಗಿ ನೋಡುವುದು. ಅದು ಸಣ್ಣ ಕೆಲಸ ಎಂದು ನಾವು ಹೇಳುತ್ತಿಲ್ಲ. ಹದಿಮೂರು ವರ್ಷದವನಿಗೆ ಅದು ಬೆರಗು ಹುಟ್ಟಿಸುವ ಕೆಲಸವೇ. ಪವಾಡ ಮಾತ್ರ ಅಲ್ಲ.

ಇದೇ ಪ್ರಯೋಗದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಚೆಸ್ ಆಡಿದರೆ ಮಗುವಿಗೆ ಗಣಿತ ಚೆನ್ನಾಗಿ ಬರುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಆದರೆ ಕಾಯಿಗಳನ್ನು ಚೆಲ್ಲಿಟ್ಟ ಕೂಡಲೇ ಮಾಸ್ಟರ್‌ನ ನೆನಪು ಕೈಕೊಟ್ಟಿತಲ್ಲ? ಚೆಸ್ಸಿನ ಚಿತ್ರಗಳು ಚೆಸ್ಸಿಗೇ ಸೀಮಿತ. ಇಂಗ್ಲೆಂಡಿನಲ್ಲಿ 100 ಶಾಲೆಗಳ ಸುಮಾರು 4,000 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲೆಯಲ್ಲಿ ಒಂದು ವರ್ಷ ಚೆಸ್ ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ಗಣಿತದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಚೆಸ್ ಚೆಂದದ ಆಟ ಎಂಬ ಕಾರಣಕ್ಕೆ ಆಡಿಸಿ. ಗಣಿತಕ್ಕೆ ಗಣಿತವನ್ನೇ ಮಾಡಿಸಬೇಕು.

ಹಾಗಾದರೆ ಬಾಯಿಪಾಠವೇ ಬೇಡವೇ?

ಹಾಗೆ ಹೇಳಿದರೆ ತಪ್ಪಾಗುತ್ತದೆ. ಮೇಲಿನ ಹಂತದಲ್ಲಿ ಓಪನಿಂಗ್ ತಯಾರಿ ದೊಡ್ಡ ಕೆಲಸ, ಗ್ರ್ಯಾಂಡ್‌ಮಾಸ್ಟರ್‌ಗಳು ಕಂಪ್ಯೂಟರ್ ಮುಂದೆ ಕೂತು ಇಪ್ಪತ್ತು ಇಪ್ಪತ್ತೈದು ನಡೆಗಳವರೆಗೂ ತಯಾರಾಗಿ ಬರುತ್ತಾರೆ. ಆದರೆ ಅಲ್ಲಿಯೂ ಅದು ಎಷ್ಟು ಅಪಾಯದ ಆಸರೆ ಎಂಬುದಕ್ಕೆ ಇದೇ ಗ್ರುನ್‌ಫೆಲ್ಡ್ ಸಾಕ್ಷಿ. 2010ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ಮೊದಲ ಆಟ. ವಿಶ್ವನಾಥನ್ ಆನಂದ್ ಕಪ್ಪು ಕಾಯಿಯಲ್ಲಿ ಗ್ರುನ್‌ಫೆಲ್ಡ್ ಆಡಿದರು. ಎದುರಿಗೆ ವೆಸೆಲಿನ್ ಟೋಪಲೋವ್. 23ನೆಯ ನಡೆಯಲ್ಲಿ ಆನಂದ್ ರಾಜನನ್ನು ಎಫ್7ಕ್ಕೆ ಸರಿಸಿದರು, ಟೋಪಲೋವ್ ಕುದುರೆಯನ್ನು ಬಲಿಕೊಟ್ಟು ನುಗ್ಗಿದರು, 30ನೆಯ ನಡೆಗೆ ಆಟ ಮುಗಿಯಿತು. ತಯಾರಿ ಮಾಡಿಕೊಂಡಿದ್ದ ನಡೆಗಳು ತಲೆಯಲ್ಲಿ ಕಲಸಿಹೋಗಿದ್ದವು ಎಂದು ಆಗ ವರದಿಯಾಗಿತ್ತು. ಆ ಪಂದ್ಯವನ್ನು ಕೊನೆಗೆ ಆನಂದ್ ಅವರೇ 6½–5½ರಿಂದ ಗೆದ್ದರು ಎನ್ನುವುದು ಬೇರೆ ಮಾತು. ವಿಶ್ವ ಚಾಂಪಿಯನ್‌ಗೇ ಹೀಗಾದರೆ ಅಂಡರ್-9 ಆಡುವ ಮಗುವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ನಮ್ಮ ಸಲಹೆ ಇಷ್ಟು. ಮಗು ಒಂದು ಓಪನಿಂಗ್ ಕಲಿತು ಬಂದರೆ ನಡೆಗಳನ್ನು ಒಪ್ಪಿಸಲು ಹೇಳಬೇಡಿ, "ಆ ಒಂಟೆ ಅಲ್ಲಿ ಏಕೆ ಕೂತಿದೆ?" ಎಂದು ಕೇಳಿ. ನಿಮಗೆ ಚೆಸ್ ಬಾರದಿದ್ದರೂ ನಡೆಯುತ್ತದೆ, ಉತ್ತರ ಹೇಳುವಾಗ ಮಗುವಿಗೇ ಗೊತ್ತಾಗುತ್ತದೆ ತನಗೆ ಗೊತ್ತಿದೆಯೋ ಇಲ್ಲವೋ ಎಂದು. ಬರ್ನ್ ಅವರ ಆಟದಿಂದಲೂ ಮಗು ಕಲಿಯಬಹುದು: ರಾಣಿಯನ್ನು ಪದೇಪದೇ ಓಡಿಸಿದರು, ಹೊರಗಿದ್ದ ಒಂಟೆಯನ್ನೇ ಮತ್ತೆ ಸರಿಸಿದರು, ರಾಜನನ್ನು ನಡುವಿನಲ್ಲೇ ಬಿಟ್ಟರು. ಮಕ್ಕಳ ಟೂರ್ನಮೆಂಟಿನಲ್ಲಿ ಸೋತ ಆಟಗಳ ಹಾಳೆ ತೆಗೆದು ನೋಡಿದರೆ ಈ ಮೂರರಲ್ಲಿ ಒಂದಾದರೂ ಸಿಗುವುದು ಅಪರೂಪವಲ್ಲ. ಜೊತೆಗೆ ದಿನಕ್ಕೆ ನಾಲ್ಕಾರು ಮೇಟ್ ಸಮಸ್ಯೆಗಳನ್ನು ಬಿಡಿಸಿದರೆ ತಲೆಯಲ್ಲಿ ಚಿತ್ರಗಳು ಸೇರುತ್ತಾ ಹೋಗುತ್ತವೆ. ಅವು ಯಾವ ಓಪನಿಂಗಿನಿಂದ ಬಂದ ಆಟದಲ್ಲೂ ಕೆಲಸಕ್ಕೆ ಬರುತ್ತವೆ.

ಇನ್ನು, ಆ ಆಟ ಮುಗಿದದ್ದು ಹೇಗೆ? ಬರ್ನ್ ಸೋಲುವುದು ಬಹಳ ಮೊದಲೇ ಖಚಿತವಾಗಿತ್ತು. ಮಾಸ್ಟರ್‌ಗಳು ಅಂತಹ ಹೊತ್ತಿನಲ್ಲಿ ಕೈಕುಲುಕಿ ಎದ್ದುಬಿಡುವುದು ವಾಡಿಕೆ. ಬರ್ನ್ ಏಳಲಿಲ್ಲ. ಹುಡುಗ ಇಷ್ಟು ಚೆನ್ನಾಗಿ ಆಡಿದ್ದಾನೆ, ಮೇಟ್ ಮಾಡಿಯೇ ಮುಗಿಸಲಿ ಎಂದು ಕೊನೆಯವರೆಗೂ ಆಡಿದರು. 41ನೆಯ ನಡೆಯಲ್ಲಿ ಕಪ್ಪು ಆನೆ ಸಿ2ಕ್ಕೆ ಬಂದು ಮೇಟ್ ಆಯಿತು. ಬಿಳಿ ರಾಣಿ ದೂರದ ಬಿ8ರಲ್ಲಿ ಏನೂ ಮಾಡಲಾಗದೆ ಕೂತಿದ್ದಳು. ಅದೇ ವರ್ಷ ಹ್ಯಾನ್ಸ್ ಕ್ಮೋಚ್ ಎಂಬ ಬರಹಗಾರರು ಈ ಆಟವನ್ನು "ಶತಮಾನದ ಆಟ" ಎಂದು ಕರೆದರು, ಆ ಹೆಸರೇ ನಿಂತಿತು.

ಮೊದಲೇ ಹೇಳುತ್ತೇವೆ ಎಂದಿದ್ದ ವಿಷಯ: ಶತಮಾನದ ಆಟ ಆಡಿದ ಆ ಟೂರ್ನಮೆಂಟಿನಲ್ಲಿ ಫಿಷರ್ ಗಳಿಸಿದ್ದು 11 ಆಟಗಳಿಂದ 4½ ಅಂಕ, ಪಟ್ಟಿಯ ಕೆಳಗಿನ ಅರ್ಧದಲ್ಲಿ. ಮುಂದೆ 1969ರಲ್ಲಿ ತನ್ನ ನೆನಪಿನಲ್ಲುಳಿದ 60 ಆಟಗಳನ್ನು ಆರಿಸಿ ಅವನು ಒಂದು ಪುಸ್ತಕ ಬರೆದ. ಅದರಲ್ಲಿ ಸೋತ ಆಟಗಳೂ ಇವೆ, ಡ್ರಾ ಆದ ಆಟಗಳೂ ಇವೆ. ಈ ಆಟ ಇಲ್ಲ.